ಜಾವಾ ಫರ್ನ್ ಕಪ್ಪಾಗುತ್ತಿದೆ, ಮಾಸ್ ಕಂದುತ್ತಿದೆ. ಕಡಿಮೆ ಕೆಲಸದ ಮೀನಿನ ತೊಟ್ಟಿಗೆ ಏನು ಮಾಡಲಿ?

ಶಿಫ್ಟ್_ಡ್ಯೂಟಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ವಿಜಯನಗರದಲ್ಲಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಇದೆ. ನನ್ನ ತಮ್ಮ ಹೈದರಾಬಾದಿಗೆ ಕೆಲಸಕ್ಕೆ ಹೋಗುವಾಗ ಬಿಟ್ಟು ಹೋದದ್ದು. ಒಳಗೆ ಎಂಟು ಗಪ್ಪಿ ಮೀನು ಇವೆ. ಹತ್ತು ಹದಿನೈದು ಚೆರ್ರಿ ಸೀಗಡಿ ಇವೆ. ನಾನು ನರ್ಸ್. ಒಂದು ವಾರ ಹಗಲು, ಒಂದು ವಾರ ರಾತ್ರಿ ಡ್ಯೂಟಿ. ದಿನಾ ನೋಡಿಕೊಳ್ಳಲು ಆಗಲ್ಲ ಎಂದು ಹೇಳಿದ್ದಕ್ಕೆ ಅಂಗಡಿಯಲ್ಲಿ ಜಾವಾ ಫರ್ನ್, ಜಾವಾ ಮಾಸ್ ಎಂಬ ನೀರೊಳಗೆ ಬೆಳೆಯುವ ಗಿಡ ಕೊಟ್ಟರು. ತಂದು ನಾಲ್ಕು ತಿಂಗಳಾಯಿತು. ಅವರು ಹೇಳಿದಂತೆ ಫರ್ನನ್ನು ಜಲ್ಲಿಯೊಳಗೆ ಚೆನ್ನಾಗಿ ಹೂತು ನೆಟ್ಟೆ. ಮಾಸನ್ನು ಉಂಡೆ ಮಾಡಿ ಕಲ್ಲಿನ ಕೆಳಗೆ ಸಿಕ್ಕಿಸಿದೆ.

ಈಗ ಫರ್ನ್ ಎಲೆಗಳು ಬುಡದಿಂದಲೇ ಕಪ್ಪಾಗಿ, ಲೋಳೆಯಾಗಿ ಕಳಚಿಕೊಳ್ಳುತ್ತಿವೆ. ಕೆಲವು ಎಲೆಗಳ ಹಿಂಭಾಗದಲ್ಲಿ ಸಾಲಾಗಿ ಕಂದು ಚುಕ್ಕೆ ಇದ್ದವು. ರೋಗ ಅಂದುಕೊಂಡು ಅವನ್ನೆಲ್ಲ ಕತ್ತರಿಸಿ ಹಾಕಿದೆ. ಮಾಸ್ ಉಂಡೆಯ ಮೇಲೆ ಹಸಿರು ಕೂದಲಿನಂತೆ ಪಾಚಿ ಬಂದಿದೆ. ಒಳಗೆ ಬಿಡಿಸಿ ನೋಡಿದರೆ ಪೂರ್ತಿ ಕಂದು. ಬೆಳಕು ಸಾಲದೇನೋ ಎಂದು ಈಗ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಲೈಟ್ ಹಾಕುತ್ತಿದ್ದೇನೆ. ಆಮೇಲೆ ಪಾಚಿ ಇನ್ನೂ ಜಾಸ್ತಿಯಾಯಿತು. ನಮ್ಮದು ಬೋರ್‌ವೆಲ್ ನೀರು, ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪಿನ ಅಳತೆ) 700ರ ಹತ್ತಿರ. ಕಡಿಮೆಯಾದಷ್ಟು ಮೇಲಿಂದ ತುಂಬಿಸುತ್ತೇನೆ, ಅಷ್ಟೇ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲದೆ ಗಿಡ ಬರಲ್ಲ ಎಂದು ಒಬ್ಬರು ಹೇಳಿದರು. ಪ್ಲಾಸ್ಟಿಕ್ ಗಿಡ ಹಾಕು ಎಂದು ಇನ್ನೊಬ್ಬರು. ನನಗೆ ಮನಸ್ಸು ಬರುತ್ತಿಲ್ಲ. ಡ್ಯೂಟಿ ಮುಗಿಸಿ ಬಂದು ಆ ಹಸಿರು ನೋಡುತ್ತ ಹತ್ತು ನಿಮಿಷ ಕೂತರೆ ಸಮಾಧಾನ. ದಯವಿಟ್ಟು ತಿಳಿದವರು ಹೇಳಿ.

ಹುಬ್ಬಳ್ಳಿ_ಗಪ್ಪಿ

ಮೇಡಂ, ಮೊದಲು ಲೈಟ್ ಕಡಿಮೆ ಮಾಡ್ರಿ. ಹನ್ನೆರಡು ತಾಸು ಭಾಳ ಆಯ್ತು. ಇನ್ನೊಂದು, ನೀರಿನ ಶಾಖ ನೋಡಿಕೊಳ್ಳಿ. ನಮ್ಮಲ್ಲಿ ಏಪ್ರಿಲ್‌ನಲ್ಲಿ ತೊಟ್ಟಿ ನೀರು 32 ಡಿಗ್ರಿ ಮುಟ್ಟುತ್ತದೆ. ಹೋದ ಬೇಸಿಗೆಯಲ್ಲಿ ನನ್ನ ಮಾಸ್ ಎಲ್ಲ ಹಳದಿಯಾಯಿತು, ಫರ್ನ್ ಮಾತ್ರ ತಡೆದುಕೊಂಡಿತು. ಈ ವರ್ಷ ಒಂದು ಸಣ್ಣ ಫ್ಯಾನನ್ನು ನೀರಿನ ಮೇಲೆ ಗಾಳಿ ಬೀಸುವಂತೆ ಕಟ್ಟಿದೆ. ಎರಡು ಮೂರು ಡಿಗ್ರಿ ಇಳಿಯಿತು. ನೀರು ಬೇಗ ಆರುತ್ತದೆ, ಅದೊಂದು ಗಮನ ಇರಲಿ.

ತೊಟ್ಟಿಮನೆ (ತೀರ್ಥಹಳ್ಳಿ)

ಪ್ಲಾಸ್ಟಿಕ್ ಗಿಡ ಬೇಡ. ನೀವು ಬರೆದದ್ದು ನೋಡಿದರೆ ಗಿಡ ಇನ್ನೂ ಕೈಬಿಟ್ಟಿಲ್ಲ. ಈ ವಾರ ರಜೆ ಇರುವ ದಿನ ಎರಡು ಗಂಟೆ ಕೊಡಿ, ಸಾಕು.

ನಮ್ಮ ಚಾವಡಿಯಲ್ಲಿ ಮೂರಡಿ ತೊಟ್ಟಿ ಇಟ್ಟು ಒಂಬತ್ತು ವರ್ಷ ಆಯಿತು. ಜಾವಾ ಫರ್ನ್, ಜಾವಾ ಮಾಸ್, ಕ್ರಿಸ್‌ಮಸ್ ಮಾಸ್ ಬಿಟ್ಟರೆ ಬೇರೆ ಗಿಡ ಇಲ್ಲ. ಸಿಲಿಂಡರ್ ಇಲ್ಲ, ಕೆಳಗೆ ಬರೀ ಹೊಳೆ ಮರಳು. ಆಷಾಢದ ಮಳೆಗೆ ಕರೆಂಟ್ ಹೋದರೆ ಕೆಲವು ಸಲ ಮೂರು ದಿನ ಬರುವುದಿಲ್ಲ. ಆಗ ಲೈಟೂ ಇಲ್ಲ, ಫಿಲ್ಟರೂ ಇಲ್ಲ. ಬೆಳಗ್ಗೆ ಸಂಜೆ ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಅದರೊಳಗೇ ಹೊಯ್ಯುತ್ತೇನೆ, ಮೀನಿಗೆ ಗಾಳಿ ಸಿಗಲಿ ಎಂದು. ಗಿಡಗಳಿಗೆ ಅದರಿಂದ ಏನೂ ಆಗಿಲ್ಲ.

ಮೊದಲು ಫರ್ನ್. ಅದನ್ನು ಹೂಳಬಾರದು. ಎಲೆಯ ಬುಡದಲ್ಲಿ ಅಡ್ಡಕ್ಕೆ ಬೆಳೆದ ದಪ್ಪ ಕಾಂಡ ಇರುತ್ತದೆ, ರೈಜೋಮ್ ಅನ್ನುತ್ತಾರೆ. ನೋಡಲು ಸಣ್ಣ ಶುಂಠಿಯಂತೆ. ಆದರೆ ಶುಂಠಿ ಮಣ್ಣೊಳಗೆ ಇರಬೇಕು, ಇದು ಹೊರಗೇ ಇರಬೇಕು. ಆಗ್ನೇಯ ಏಷ್ಯಾದ ಹೊಳೆಗಳ ಅಂಚಿನಲ್ಲಿ ಈ ಗಿಡ ಬಂಡೆ, ಮರದ ಬೇರು ತಬ್ಬಿಕೊಂಡು ಬೆಳೆಯುತ್ತದೆ. ಬೇರು ಮುಖ್ಯವಾಗಿ ಹಿಡಿದುಕೊಳ್ಳಲಿಕ್ಕೆ. ಊಟ ಹೆಚ್ಚಾಗಿ ಎಲೆಯಿಂದಲೇ, ನೀರಿನಿಂದ. ಜಲ್ಲಿಯಲ್ಲಿ ಹೂತರೆ ರೈಜೋಮ್ ಕೊಳೆಯುತ್ತದೆ. ನಿಮ್ಮ ಎಲೆ ಬುಡದಿಂದ ಕಳಚುತ್ತಿರುವುದು ಅದಕ್ಕೇ.

ಪೂರ್ತಿ ಕಿತ್ತು ತೆಗೆಯಿರಿ. ಮೆತ್ತಗಾದ ಭಾಗವನ್ನು ಹರಿತವಾದ ಕತ್ತರಿಯಿಂದ ತೆಗೆಯುತ್ತಾ ಬನ್ನಿ. ಕತ್ತರಿಸಿದ ಜಾಗ ಒಳಗೆ ಹಸಿರಾಗಿ, ಗಟ್ಟಿಯಾಗಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಎರಡು ಇಂಚು ಉಳಿದು, ಅದರಲ್ಲಿ ಒಂದೆರಡು ಎಲೆ ಇದ್ದರೂ ಸಾಕು, ಗಿಡ ಆಗುತ್ತದೆ. ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಿ. ಅವಸರವಿದ್ದರೆ ಫೆವಿಕ್ವಿಕ್ ಒಂದು ಹನಿ ಹಾಕಿ ಒತ್ತಿದರೂ ಆಗುತ್ತದೆ, ಒಣಗಿದ ಮೇಲೆ ಮೀನಿಗೆ ತೊಂದರೆ ಇಲ್ಲ. ಒಂದೆರಡು ತಿಂಗಳಲ್ಲಿ ಬೇರು ತಾನೇ ಹಿಡಿದುಕೊಳ್ಳುತ್ತದೆ.

ಇನ್ನು ಆ ಕಂದು ಚುಕ್ಕೆ. ಅಯ್ಯೋ, ಅವನ್ನು ಯಾಕೆ ಕತ್ತರಿಸಿದಿರಿ! ಅದು ರೋಗ ಅಲ್ಲ. ಫರ್ನ್ ಅಂದರೆ ಜರಿಗಿಡ, ಅದಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಹಿಂದೆ ಸಾಲಾಗಿ ಬರುವ ಚುಕ್ಕೆಯಲ್ಲೇ ಅದರ ಬೀಜಾಣು ಇರುವುದು. ಊರಿಗೆ ಹೋದಾಗ ಅಂಗಳದ ಬದಿಯ ಯಾವ ಜರಿಯನ್ನಾದರೂ ತಿರುಗಿಸಿ ನೋಡಿ, ಇಂಥದೇ ಚುಕ್ಕೆ ಕಾಣಬಹುದು. (ಚಿಕ್ಕವರಿದ್ದಾಗ ಒಂದು ಜಾತಿಯ ಜರಿಯ ಎಲೆಯನ್ನು ತೋಳಿಗೆ ಒತ್ತಿ ಬಿಳಿ ಅಚ್ಚು ಹಾಕಿಕೊಳ್ಳುತ್ತಿದ್ದೆವು. ಅದರ ಬಿಳಿ ಪುಡಿ ಬೇರೆ, ಈ ಚುಕ್ಕೆ ಬೇರೆ.) ಚುಕ್ಕೆ ಒಂದೇ ಅಳತೆಯಲ್ಲಿ ಸಾಲಾಗಿದ್ದು, ಬೆರಳಿಗೆ ಉಬ್ಬಾಗಿ ಸಿಕ್ಕರೆ ಬಿಟ್ಟುಬಿಡಿ. ಹಳೆಯ ಎಲೆಯನ್ನೂ ಬೇಗ ಕತ್ತರಿಸಬೇಡಿ. ಜಾವಾ ಫರ್ನ್ ತನ್ನ ಮರಿಗಳನ್ನು ಹಳೆಯ ಎಲೆಯ ಮೇಲೆಯೇ ಹೊರುತ್ತದೆ.

ಈಗ ಮಾಸ್. ಕನ್ನಡದಲ್ಲಿ ಒಂದು ತೊಡಕಿದೆ. ಬಚ್ಚಲ ಕಲ್ಲಿನ ಜಾರುವ ಪದರಕ್ಕೂ ಪಾಚಿ, ಮಳೆಗಾಲದಲ್ಲಿ ಕಾಂಪೌಂಡ್ ಮೇಲೆ ಮಕಮಲ್ಲಿನಂತೆ ಬರುವುದಕ್ಕೂ ಪಾಚಿ. ಎರಡೂ ಒಂದಲ್ಲ. ಎರಡನೆಯದು ಮಾಸ್, ಅದು ಪುಟ್ಟ ಪುಟ್ಟ ಎಲೆಗಳಿರುವ ಗಿಡ. ನಿಮ್ಮ ಉಂಡೆಯ ಮೇಲೆ ಕೂದಲಿನಂತೆ ಬಂದಿರುವುದು ಮೊದಲನೆಯ ಬಗೆ, ಆಲ್ಗೆ. ಮಾಸ್ ನಿಧಾನದ ಗಿಡ. ಬೆಳಕು ಜಾಸ್ತಿ ಕೊಟ್ಟರೆ ಅದನ್ನು ಉಂಡು ಬೆಳೆಯುವುದು ಮಾಸ್ ಅಲ್ಲ, ಆಲ್ಗೆ. ಲೈಟ್ ಆರು ಗಂಟೆ ಸಾಕು. ನಿಮಗೆ ಶಿಫ್ಟ್ ಇರುವುದರಿಂದ ಪ್ಲಗ್‌ಗೆ ಹಾಕುವ ಟೈಮರ್ ತಂದುಬಿಡಿ. ಕಿಟಕಿಯ ಬಿಸಿಲು ಬೀಳುತ್ತಿದ್ದರೆ ಪರದೆ ಹಾಕಿ.

ಉಂಡೆ ಮಾಡಿದ್ದು ಇನ್ನೊಂದು ತಪ್ಪು. ಒಳಗಿನ ಎಳೆಗೆ ಬೆಳಕೂ ಇಲ್ಲ, ನೀರಿನ ಓಡಾಟವೂ ಇಲ್ಲ. ನಾನು ಗೆರಟೆಯ ಮೇಲೆ ಕಟ್ಟುತ್ತೇನೆ. ಅರ್ಧ ಗೆರಟೆ ತೆಗೆದುಕೊಂಡು ಒಳಗಿನ ಕಾಯಿ, ಹೊರಗಿನ ನಾರು ಎರಡನ್ನೂ ಪೂರ್ತಿ ಕೆರೆಯಬೇಕು. ಅರ್ಧ ಗಂಟೆ ಕುದಿಸಬೇಕು. ಆಮೇಲೆ ನೀರು ಬದಲಿಸುತ್ತಾ, ಕಂದು ಬಣ್ಣ ಬಿಡುವುದು ನಿಲ್ಲುವವರೆಗೆ ನೆನೆಹಾಕಬೇಕು. ಅಂಚಿನಲ್ಲಿ ಸೀಗಡಿ ನುಗ್ಗುವಷ್ಟು ಒಂದು ಬಾಗಿಲು ಕೊರೆಯಿರಿ. ಮಾಸನ್ನು ಬಟ್ಟಲಲ್ಲಿ ಹಾಕಿ ಹಸಿರಾಗಿರುವ ತುದಿಗಳನ್ನಷ್ಟೇ ಕತ್ತರಿಸಿ. ಕೂದಲು ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಸುತ್ತಿ ಎಳೆಯಿರಿ, ಬರುತ್ತದೆ. ಆ ತುದಿಗಳನ್ನು ಗೆರಟೆಯ ಬೆನ್ನ ಮೇಲೆ ಅಲ್ಲಲ್ಲಿ ಗೆರಟೆ ಕಾಣುವಷ್ಟು ತೆಳ್ಳಗೆ ಹರಡಿ. ಇಷ್ಟು ಕಡಿಮೆ ಸಾಕಾ ಅನ್ನಿಸುತ್ತದೆ. ಸಾಕು. ಮೇಲೆ ನೈಲಾನ್ ದಾರ ಸುತ್ತಿ. ಹತ್ತಿ ದಾರ ಕೆಲವು ವಾರಗಳಲ್ಲಿ ಕೊಳೆತು ಬಿಡುತ್ತದೆ, ಫರ್ನ್‌ಗೆ ಅದು ನಡೆಯುತ್ತದೆ. ಜಾವಾ ಮಾಸ್‌ನ ಹಿಡಿತ ಸಡಿಲ, ದಾರ ಕೊಳೆತ ದಿನ ತೇಲಿ ಹೋಗುತ್ತದೆ.

ಮೂರು ನಾಲ್ಕು ವಾರ ಏನೂ ಆಗದಂತೆ ಕಾಣುತ್ತದೆ. ಆಮೇಲೊಂದು ದಿನ ಹಳೆಯ ಕಡು ಹಸಿರಿನ ತುದಿಯಲ್ಲಿ ಎಳೆ ಹಸಿರಿನ ಸೂಜಿಗಳು ಕಾಣುತ್ತವೆ, ಬತ್ತದ ಅಗೆಯ ಬಣ್ಣ. ಅದು ಕಂಡ ಮೇಲೆ ಭಯ ಇಲ್ಲ. ಬೆರಳು ದಪ್ಪ ಆದಾಗ ಕತ್ತರಿಸಿ, ಇಲ್ಲದಿದ್ದರೆ ಅಡಿಯ ಪದರ ಮತ್ತೆ ಕಂದುತ್ತದೆ. ಕತ್ತರಿಸುವಾಗ ಫಿಲ್ಟರ್ ನಿಲ್ಲಿಸಿ, ಚೂರುಗಳನ್ನು ಬಲೆಯಲ್ಲಿ ಹಿಡಿಯಿರಿ. ಬಿದ್ದ ಚೂರೆಲ್ಲ ಬಿದ್ದಲ್ಲೇ ಬೆಳೆಯುತ್ತದೆ.

ನೀರಿನ ವಿಷಯ. ಬರೀ ತುಂಬಿಸುತ್ತಾ ಹೋದರೆ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಗಾಜಿನ ಮೇಲೆ ಬಿಳಿ ಗೆರೆ ಕಟ್ಟಿರಬೇಕು, ಅಲ್ವಾ? ನಿಮ್ಮದು ಸುಮಾರು 55 ಲೀಟರ್ ತೊಟ್ಟಿ. ಇಷ್ಟು ದಿನ ಬದಲಿಸದ ನೀರನ್ನು ಒಮ್ಮೆಲೇ ಚೆಲ್ಲಬೇಡಿ, ಸೀಗಡಿಗೆ ತಡೆಯಲ್ಲ. ವಾರಕ್ಕೊಮ್ಮೆ ಅರ್ಧ ಬಕೆಟ್ ತೆಗೆದು ಅಷ್ಟೇ ಹೊಸದು ಹಾಕಿ. ಒಂದೆರಡು ತಿಂಗಳಾದ ಮೇಲೆ ಎರಡು ವಾರಕ್ಕೊಮ್ಮೆ ಒಂದು ಬಕೆಟ್ ಸಾಕು. ಬೋರ್ ನೀರು ಗಡಸಾದರೂ ಈ ಎರಡು ಗಿಡ ಹೊಂದಿಕೊಳ್ಳುತ್ತವೆ. ಕಾವೇರಿ ನೀರು ಬರುವ ದಿನ ಸಿಕ್ಕರೆ ಬೆರೆಸಿ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ, ಮೊದಲು ಕ್ಲೋರಿನ್ ತೆಗೆಯುವ ಹನಿ ಹಾಕಿ. ಫಿಲ್ಟರ್ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ಪಾಚಿ ಕೊಲ್ಲುವ ಔಷಧಿ ಮಾತ್ರ ತರಬೇಡಿ. ಎಷ್ಟೋ ಔಷಧಿಯಲ್ಲಿ ತಾಮ್ರ ಇರುತ್ತದೆ, ಅದು ಸೀಗಡಿಗೆ ವಿಷ. ಹಗಲಿರುಳು ಮಾಸ್ ಎಳೆಗಳನ್ನು ಕೆರೆದು ಶುಚಿ ಮಾಡುವುದೇ ಆ ಸೀಗಡಿಗಳು. ನಿಮ್ಮ ತೊಟ್ಟಿಯ ಕೆಲಸದವರು ಅವರೇ. ಮೀನಿಗೆ ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿ. ವಾರದಲ್ಲಿ ಒಂದು ದಿನ ಉಪವಾಸ ಇದ್ದರೂ ಏನೂ ಆಗಲ್ಲ.

ಶಿರಸಿ_ಹಳ್ಳ

ಅಕ್ಕ, ಚೆನ್ನಾಗಿ ವಿವರಿಸಿದಿರಿ. ಮಾಸ್‌ಗೆ ದುಡ್ಡು ಯಾಕೆ, ನಮ್ಮಲ್ಲಿ ಮಳೆಗಾಲದಲ್ಲಿ ಚಿರೇಕಲ್ಲಿನ ಗೋಡೆ ತುಂಬ ಇದೆಯಲ್ಲ ಎಂದು ಒಂದು ಹಿಡಿ ತಂದು ತೊಟ್ಟಿಗೆ ಹಾಕಿದ್ದೆ. ಮೂರು ವಾರಕ್ಕೆ ಕೊಳೆತು ನೀರು ವಾಸನೆ ಬಂತು. ಹಳ್ಳದ ಕಲ್ಲಿನ ಮೇಲಿನದು ತಂದರೆ ಬದುಕುತ್ತದಾ?

ತೊಟ್ಟಿಮನೆ (ತೀರ್ಥಹಳ್ಳಿ)

ಗೋಡೆಯ ಮೇಲಿನದು ಗಾಳಿಯಲ್ಲಿ ಬದುಕುವ ಜಾತಿ. ಮಳೆ ಬೇಕು, ಆದರೆ ದಿನವಿಡೀ ಮುಳುಗಿರಲು ಅದಕ್ಕೆ ಆಗದು. ಹಳ್ಳದ್ದನ್ನು ನಾನೂ ಒಮ್ಮೆ ತಂದಿದ್ದೆ, ನಮ್ಮ ತೋಟದ ಕೆಳಗಿನ ಹಳ್ಳದಿಂದ ಒಂದು ಕಲ್ಲಿನ ಸಮೇತ. ಶಿವರಾತ್ರಿವರೆಗೆ ಇತ್ತು. ಬಿಸಿಲು ಏರಿದ ಮೇಲೆ ಹದಿನೈದು ದಿನದಲ್ಲಿ ಹೋಯಿತು. ಅದಕ್ಕೆ ತಣ್ಣಗೆ ಹರಿಯುವ ನೀರು ಬೇಕಿತ್ತು, ನನ್ನ ತೊಟ್ಟಿ ಅದನ್ನು ಕೊಡಲಿಲ್ಲ. ಆ ಕಲ್ಲು ಈಗಲೂ ತೊಟ್ಟಿಯಲ್ಲಿದೆ, ಬೋಳಾಗಿ. ಅದಾದ ಮೇಲೆ ಹಳ್ಳಕ್ಕೆ ಕೈ ಹಾಕಿಲ್ಲ. ನಿಮ್ಮ ವಿಳಾಸ ಖಾಸಗಿಯಾಗಿ ಕಳಿಸಿ, ನನ್ನ ತೊಟ್ಟಿಯಿಂದ ಕತ್ತರಿಸಿದ ಜಾವಾ ಮಾಸ್ ಒದ್ದೆ ಬಟ್ಟೆಯಲ್ಲಿ ಸುತ್ತಿ ಅಂಚೆಗೆ ಹಾಕುತ್ತೇನೆ.

ಶಿಫ್ಟ್_ಡ್ಯೂಟಿ (ಬೆಂಗಳೂರು)

ಹತ್ತು ವಾರ ಆಯಿತು, ಬರೆಯಲೇಬೇಕು ಅನ್ನಿಸಿತು. ಅಕ್ಕ ಹೇಳಿದಂತೆ ಫರ್ನ್ ಕಿತ್ತಾಗ ರೈಜೋಮ್ ಮುಕ್ಕಾಲು ಪಾಲು ಮೆತ್ತಗಾಗಿತ್ತು. ಒಂದೂವರೆ ಇಂಚು ಉಳಿಯಿತು, ಎರಡೇ ಎಲೆ. ಕಲ್ಲಿಗೆ ಕಟ್ಟಿದೆ. ಲೈಟ್ ಮಧ್ಯಾಹ್ನ 3ರಿಂದ ರಾತ್ರಿ 9, ಟೈಮರ್‌ನಲ್ಲಿ. ಮೊದಲ ತಿಂಗಳು ಕೂದಲು ಪಾಚಿ ಬರುತ್ತಲೇ ಇತ್ತು, ಬ್ರಷ್‌ನಿಂದ ತೆಗೆಯುತ್ತಲೇ ಇದ್ದೆ. ಈಗ ಹುಡುಕಿದರೆ ಸಿಗುತ್ತದೆ, ಅಷ್ಟೇ. ಗೆರಟೆಯ ಮೇಲೆ ಐದನೇ ವಾರ ನೀವು ಹೇಳಿದ ಸೂಜಿಗಳು ಕಂಡವು. ರಾತ್ರಿ ಡ್ಯೂಟಿ ಮುಗಿಸಿ ಬಂದು ಟಾರ್ಚ್ ಹಾಕಿ ನೋಡಿದೆ. ನಿಜವಾಗಿಯೂ ಅಗೆಯ ಬಣ್ಣವೇ! ಗೆರಟೆಯ ಬಾಗಿಲಲ್ಲಿ ಒಂದು ಸೀಗಡಿ ಹೊಟ್ಟೆಯ ಕೆಳಗೆ ಮೊಟ್ಟೆ ಹೊತ್ತು ಕೂತಿತ್ತು.

ಒಂದು ಪ್ರಶ್ನೆ ಇದೆ. ಫರ್ನ್‌ನ ಹಳೆಯ ಎಲೆಯ ತುದಿಯಲ್ಲಿ ಪುಟ್ಟ ಮರಿ ಬಂದಿದೆ. ಮೂರು ಎಲೆ, ಕೆಳಗೆ ಕಪ್ಪು ದಾರದಂಥ ಬೇರು. ತಾಯಿ ಎಲೆ ಅರ್ಧ ಕಂದಾಗಿದೆ. ಕತ್ತರಿಸಿ ಬೇರೆ ಮಾಡಲಾ?

ತೊಟ್ಟಿಮನೆ (ತೀರ್ಥಹಳ್ಳಿ)

ಈಗಲೇ ಬೇಡ. ಆ ಎಲೆಯಲ್ಲಿ ಉಳಿದ ಸಾರವೆಲ್ಲ ಮರಿಗೆ ಹೋಗುತ್ತಿದೆ. ಬೇರು ಒಂದು ಇಂಚು ದಾಟಲಿ. ಆಮೇಲೆ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಬಂದರೆ ಹತ್ತಿ ದಾರದಲ್ಲಿ ಇನ್ನೊಂದು ಕಲ್ಲಿಗೆ ಕಟ್ಟಿ, ಬಾರದಿದ್ದರೆ ಇನ್ನೆರಡು ವಾರ ಬಿಡಿ. ಮೊಟ್ಟೆ ಹೊತ್ತ ಸೀಗಡಿ ಇರುವುದರಿಂದ ಈ ತಿಂಗಳು ಮಾಸ್ ಕತ್ತರಿಸಬೇಡಿ. ಮರಿಗಳು ಅಡಗುವುದು ಅದರೊಳಗೇ.