ಸಹಾಯ ಬೇಕು: ನಾಯಿಗೆ ಥೈರಾಯ್ಡ್ ಗಡ್ಡೆ, ಆಪರೇಷನ್ ಆದ್ಮೇಲೆ ಕ್ಯಾಲ್ಸಿಯಂ ಬಿದ್ರೆ ಏನ್ ಮಾಡ್ತೀರ?

ನಮ್ಮ ಬೀಗಲ್‌ಗೆ 10 ವರ್ಷ, ಕತ್ತಿನ ಎರಡೂ ಕಡೆ ಗಡ್ಡೆ ಇದೆ, ಸೂಜಿ ಹಾಕಿ ತೆಗ್ದಾಗ ಬರೀ ರಕ್ತಾನೇ ಬಂತು, ಥೈರಾಯ್ಡ್ ಗಡ್ಡೇಲಿ ರಕ್ತದ ಓಟ ಜಾಸ್ತಿ ಅದಕ್ಕೇ ಹಂಗೆ ಅಂದ್ರು ಡಾಕ್ಟ್ರು. ಬೆಕ್ಕಲ್ಲಾದ್ರೆ ಇಂಥವು ಹೆಚ್ಚಾಗಿ ಕ್ಯಾನ್ಸರ್ ಅಲ್ವಂತೆ, ನಾಯೀಲಿ ಕೈಗೆ ಸಿಗೋವಷ್ಟು ದೊಡ್ಡದಾದ್ರೆ ಬಹುತೇಕ ಕ್ಯಾನ್ಸರೇ. ಹಾರ್ಮೋನ್ ರಿಪೋರ್ಟ್ ಮಾತ್ರ ನಾರ್ಮಲ್, ನಂಗೆ ಆಶ್ಚರ್ಯ ಆಯ್ತು, ಆದ್ರೆ ಹೆಚ್ಚಿನ ನಾಯಿಗಳಲ್ಲಿ ಹಂಗೇ ಇರುತ್ತಂತೆ. ಬೆರಳಲ್ಲಿ ತಳ್ಳಿದ್ರೆ ಗಡ್ಡೆ ಚರ್ಮದ ಕೆಳಗೆ ಆಚೀಚೆ ಜಾರುತ್ತೆ, ಅಂಟ್ಕೊಂಡಿಲ್ಲ, ಎದೆ ಎಕ್ಸ್‌ರೇನೂ ಕ್ಲೀನ್, ಹಂಗಾಗಿ ಎರಡೂ ತೆಗೀಬಹುದು ಅಂದಿದಾರೆ.

ನನ್ನ ಭಯ ಆಪರೇಷನ್‌ದಲ್ಲ, ಆಮೇಲಿಂದು. ಥೈರಾಯ್ಡ್ ಜೊತೆ ಅದಕ್ಕೆ ಅಂಟ್ಕೊಂಡಿರೋ, ಕ್ಯಾಲ್ಸಿಯಂ ಹತೋಟೀಲಿಡೋ ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಹೋದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದುಬಿಡುತ್ತೆ, ಮುಖ ಉಜ್ಕೊಳೋದು, ಮೈ ಅದುರೋದು, ಫಿಟ್ಸ್, ಅದೂ ಆವತ್ತೇ ಅಲ್ಲ, ಕೆಲವು ದಿನ ಬಿಟ್ಟೂ ಬರಬಹುದು. ಆಗ ಕ್ಯಾಲ್ಸಿಯಂ ಗ್ಲುಕೋನೇಟ್ ರಕ್ತನಾಳಕ್ಕೆ ನಿಧಾನಕ್ಕೆ, ಹೃದಯದ ಬಡಿತ ನೋಡ್ಕೊಂಡೇ ಕೊಡ್ಬೇಕು, ಮನೇಲಿ ಆಗೋ ಕೆಲ್ಸ ಅಲ್ಲ.

ಎರಡೂ ಕಡೆ ತೆಗೆಸಿದೋರು ಯಾರಾದ್ರೂ ಇದೀರಾ? ಎಷ್ಟು ದಿನ ಅಡ್ಮಿಟ್ ಇಟ್ಕೊಂಡಿದ್ರು, ಕ್ಯಾಲ್ಸಿಯಂ ದಿನಕ್ಕೆಷ್ಟು ಸಲ ಚೆಕ್ ಮಾಡ್ತಿದ್ರು, ಕ್ಯಾಲ್ಸಿಟ್ರಿಯಾಲ್ (ಕ್ಯಾಲ್ಸಿಯಂ ಏರಿಸೋ ವಿಟಮಿನ್ ಡಿ ಔಷಧಿ) ಮುಂಚೇನೇ ಶುರು ಮಾಡಿದ್ರಾ ಅಥವಾ ಇಳಿದ ಮೇಲಾ? ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಔಷಧಿ) ಕೊಡ್ತಾನೇ ಇರ್ಬೇಕು ಅಂತ ಗೊತ್ತು, ಅದು ಬಿಡಿ. ಮನೆಮದ್ದು ದಯವಿಟ್ಟು ಬೇಡ. ಬೊಗಳೋ ದನಿ ಬದಲಾಗಿದ್ರೆ ಅದನ್ನೂ ಹೇಳಿ, ದನಿಪೆಟ್ಟಿಗೆ ನರ ಅಲ್ಲೇ ಪಕ್ಕದಲ್ಲಿ ಹೋಗುತ್ತೆ.