ಅಪ್‌ಡೇಟ್: ಪೋಲಾರಿಮೀಟರ್ ರೀಡಿಂಗ್ ಇಳೀತಿದ್ದದ್ದು ಯಾಕೆ ಅಂತ ಗೊತ್ತಾಯ್ತು

ಹೋದ ವಾರ ಕೇಳಿದ್ದೆನಲ್ಲ, ಪುಣೆಯ ನಮ್ಮ ಲ್ಯಾಬಲ್ಲಿ ಗ್ಲೂಕೋಸ್ ದ್ರಾವಣಕ್ಕೆ ಸಿಡಿ (ಸರ್ಕ್ಯುಲರ್ ಡೈಕ್ರೋಯಿಸಂ ಅಳೆಯೋ ಯಂತ್ರ) ಬರೀ ಸಪಾಟು ಗೆರೆ ಕೊಡ್ತಿದೆ, ಪೋಲಾರಿಮೀಟರ್ (ಬೆಳಕಿನ ಕಂಪನದ ದಿಕ್ಕನ್ನ ದ್ರಾವಣ ಎಷ್ಟು ತಿರುಗಿಸುತ್ತೆ ಅಂತ ಅಳೆಯೋ ಯಂತ್ರ) ರೀಡಿಂಗ್ ನೋಡನೋಡ್ತಾ ಇಳೀತಿದೆ, ಯಾವುದನ್ನ ನಂಬಲಿ ಅಂತ? ಎರಡೂ ಸರಿಯಾಗೇ ಇದ್ವು, ತಪ್ಪಿದ್ದು ನಾನು.

ದೀಪ ಬದಲಿಸಿ ಅಂದಿದ್ರಿ, ಬದಲಿಸಿದೆ, ದಂಡ. ದ್ರಾವಣ ಗಟ್ಟಿ ಮಾಡಿದ್ರೂ ಸಿಡಿ ಗೆರೆ ಅಲುಗಾಡ್ಲಿಲ್ಲ. ಕೆಲಸಕ್ಕೆ ಬಂದದ್ದು "ಒಂದು ಹನಿ ಅಮೋನಿಯ ಹಾಕಿ ಅರ್ಧ ಗಂಟೆ ಬಿಡಪ್ಪಾ" ಅಂದ ಧಾರವಾಡದ ಅಕ್ಕನ ಮಾತು. ಗ್ಲೂಕೋಸ್‌ಗೆ ಆಲ್ಫಾ, ಬೀಟಾ ಅಂತ ಎರಡು ರೂಪ. ಆಲ್ಫಾ ಗ್ಲೂಕೋಸ್ ಈಗಷ್ಟೇ ಕರಗಿದಾಗ ಸ್ಪೆಸಿಫಿಕ್ ರೊಟೇಶನ್ (ನಿಗದಿತ ಸಾಂದ್ರತೆ, ಕೊಳವೆ ಉದ್ದಕ್ಕೆ ಲೆಕ್ಕ ಹಾಕಿದ ತಿರುವು) +112 ಡಿಗ್ರಿ. ನೀರಲ್ಲಿ ಬೀಟಾ ರೂಪದ ಜೊತೆ ಸಮತೋಲಕ್ಕೆ ಬಂದು +52.7ರ ಹತ್ರ ನಿಲ್ಲುತ್ತೆ. ಅಮೋನಿಯ ಅದನ್ನ ಬೇಗ ಮುಗಿಸುತ್ತೆ, ಅಷ್ಟೇ. ಕಟಿಂಗ್ ಚಹಾ ಕುಡಿದು, ಹರಟೆ ಹೊಡೆದು ಬಂದೆ, ಅಂಕಿ ನಿಂತಿತ್ತು!

ಹೊಸದಾಗಿ ತಿಳಿದದ್ದು: ಸಿಡಿ ಅಳೆಯೋದು ಎಡಕ್ಕೂ ಬಲಕ್ಕೂ ಸುತ್ತುವ ಬೆಳಕು ಹೀರಿಕೆಯಾಗೋದ್ರಲ್ಲಿನ ವ್ಯತ್ಯಾಸ. ನಾನು ನೋಡ್ತಿದ್ದ 200–300 ನ್ಯಾನೋಮೀಟರ್‌ನಲ್ಲಿ ಗ್ಲೂಕೋಸ್ ಹೆಚ್ಚುಕಡಿಮೆ ಏನೂ ಹೀರಲ್ಲ. ಪೋಲಾರಿಮೀಟರ್‌ಗೆ ಅವೆರಡರ ವೇಗದ ವ್ಯತ್ಯಾಸ ಸಾಕು, ಅದಕ್ಕೇ 589ರ ಸೋಡಿಯಂ ಬೆಳಕಲ್ಲೂ ತಿರುವು ಸಿಗುತ್ತೆ. ಸಿಡಿ ಸರಿಯಿದೆಯಾ ಅನ್ನೋ ಅನುಮಾನಕ್ಕೆ ಮಯೋಗ್ಲೋಬಿನ್ (ಸ್ನಾಯುವಿನ ಒಂದು ಪ್ರೋಟೀನ್) ಹಾಕಿದೆ: ಬರಬೇಕಾದ ಹಾಗೇ 208, 222ರಲ್ಲಿ ಎರಡು ಚಂದದ ಹಳ್ಳ. ಪಾಪ, ಸಿಡಿ ಯಂತ್ರವನ್ನ ಸುಮ್ಮನೆ ಬೈದಿದ್ದೆ.