ಮಿರರ್‌ಲೆಸ್‌ಗೆ ದಿನಬಳಕೆಯ ಝೂಮ್ ಲೆನ್ಸ್ ಯಾವುದು? ನಮ್ಮ ಮುಂಬೈ ಬಳಗದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗೆ ಎಲ್ಲದಕ್ಕೂ ಆಗುವ ಒಂದು ಝೂಮ್ ಲೆನ್ಸ್ ಹೇಳಿ ಅಂತ ಗ್ರೂಪಿನಲ್ಲಿ ಯಾರಾದರೂ ಕೇಳುತ್ತಲೇ ಇರುತ್ತೀರಿ. ಫೋರ್ಟ್‌ನಲ್ಲಿ ಲೆನ್ಸ್, ಕ್ಯಾಮೆರಾ ರಿಪೇರಿ ಮಾಡುವ ನಮ್ಮವರೊಬ್ಬರು ಇವತ್ತು ಕೆಲಸದ ನಡುವೆ ಉತ್ತರ ಕೊಡುತ್ತಾರೆ. ಹೆಸರು, ನಂಬರ್ ಬೇಡ, ಏರಿಯಾ ಹೆಸರು ಸಾಕು. ನಿಮ್ಮ ಬಾಡಿ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ, ಯಾವುದು ಅಂತ ತಪ್ಪದೆ ಬರೆಯಿರಿ.

ಮುಲುಂಡ್: ನಮಸ್ಕಾರ ಸರ್. ಸೋನಿ ಎ6400 ಇದೆ. ಜೊತೆಗೆ ಬಂದ 16-50 ಕಿಟ್ ಲೆನ್ಸ್ ಇದೆ. ಮನೆಯ ಕಾರ್ಯಕ್ರಮ, ಮಳೆ ಶುರುವಾದ ಮೇಲೆ ಲೋಣಾವಳ, ಮಾಟುಂಗದಲ್ಲಿ ಯಕ್ಷಗಾನ ಇದ್ದರೆ ಅದು. ಇಷ್ಟೇ ನಾನು ತೆಗೆಯುವುದು. ಸೋನಿ 18-135, ಟ್ಯಾಮ್ರಾನ್ 17-70, ಸಿಗ್ಮಾ 18-50, ಮೂರರಲ್ಲಿ ಯಾವುದು ಒಳ್ಳೆಯದು?

ರಿಪೇರಿ ಅಣ್ಣ, ಫೋರ್ಟ್: ಮೂರೂ ಒಳ್ಳೆಯವೇ. ನಿಮಗೆ ಯಾವುದು ಅನ್ನುವುದಕ್ಕೆ ಮೊದಲು ನಿಮ್ಮ ಹಳೆಯ ಫೋಟೊಗಳನ್ನು ತೆರೆದು, ಯಾವ ಫೋಕಲ್ ಲೆಂತ್‌ನಲ್ಲಿ (16, 50 ಥರದ ಎಂಎಂ ಅಂಕಿ; ಚಿಕ್ಕದಾದಷ್ಟು ಅಗಲ ಕಾಣುತ್ತದೆ, ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ) ತೆಗೆದಿದ್ದೀರಿ ಅಂತ ನೋಡಿ. ಫೋಟೊದ ಮಾಹಿತಿಯಲ್ಲೇ ಇರುತ್ತದೆ. ಜಾಸ್ತಿ ಫೋಟೊ 50ಕ್ಕೆ ಹೋಗಿ ನಿಂತಿದ್ದರೆ ನಿಮಗೆ ಇನ್ನೂ ದೂರ ಎಳೆಯುವ ಲೆನ್ಸ್ ಬೇಕು. 16ರಲ್ಲೇ ಇದ್ದರೆ, 18ರಿಂದ ಶುರುವಾಗುವ ಲೆನ್ಸ್ ನಮ್ಮ ಮುಂಬೈ ಹಾಲ್‌ಗಳಲ್ಲಿ ಇಕ್ಕಟ್ಟು ಅನಿಸುತ್ತದೆ.

ಎರಡನೆಯದು, ಎ6400 ಬಾಡಿಯಲ್ಲಿ ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಇಲ್ಲ. ಸಿಗ್ಮಾ 18-50ರಲ್ಲೂ ಇಲ್ಲ. ಅದು ಸುಮಾರು 290 ಗ್ರಾಂ, ಚಿಕ್ಕದು, ಶಾರ್ಪ್. ಆದರೆ ಸಂಜೆ ಹೊತ್ತು ಕೈಯಲ್ಲಿ ಹಿಡಿದು ವಿಡಿಯೊ ಮಾಡಿದರೆ ನಡುಗುತ್ತದೆ. ಟ್ಯಾಮ್ರಾನ್‌ನಲ್ಲಿ ಸ್ಟೆಬಿಲೈಸೇಶನ್ ಇದೆ, 525 ಗ್ರಾಂ. ಸೋನಿ 18-135ರಲ್ಲೂ ಇದೆ, 325 ಗ್ರಾಂ ಅಷ್ಟೇ.

ಈಗ ಯಕ್ಷಗಾನ. ಎಫ್ ಅಂಕಿ ಚಿಕ್ಕದಾದಷ್ಟು ಲೆನ್ಸ್ ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. 18-135 ತುದಿಗೆ ಹೋದರೆ ಎಫ್ 5.6. ಟ್ಯಾಮ್ರಾನ್ 70ರಲ್ಲೂ ಎಫ್ 2.8. ಅಂದರೆ ನಾಲ್ಕು ಪಟ್ಟು ಬೆಳಕು. ಒಂದರಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಹೆಚ್ಚಾದಷ್ಟು ಫೋಟೊ ಕಾಳು ಕಾಳು) 3200ಕ್ಕೆ ಮುಗಿಯುವ ಕೆಲಸಕ್ಕೆ ಇನ್ನೊಂದರಲ್ಲಿ 12800 ಬೇಕು. ವೇಷಧಾರಿ ದಿಗಿಣ ಹಾಕುವಾಗ (ಸುತ್ತುತ್ತ ಜಿಗಿಯುವಾಗ) ಶಟರ್ ವೇಗ ಸೆಕೆಂಡಿನ 1/500 ಆದರೂ ಬೇಕು. ಅಲ್ಲಿ ಸ್ಟೆಬಿಲೈಸೇಶನ್ ಕೆಲಸಕ್ಕೆ ಬರುವುದಿಲ್ಲ. ಅದು ನಿಮ್ಮ ಕೈ ನಡುಕ ತಡೆಯುತ್ತದೆ, ಅವರ ಕುಣಿತವನ್ನಲ್ಲ. ಮುಂದಿನ ಸಾಲುಗಳಲ್ಲಿ ಜಾಗ ಸಿಗುವುದಾದರೆ ಟ್ಯಾಮ್ರಾನ್ ತಗೊಳ್ಳಿ. ಯಕ್ಷಗಾನ ವರ್ಷಕ್ಕೊಮ್ಮೆ, ಲೋಣಾವಳವೇ ಜಾಸ್ತಿ ಅಂದರೆ 18-135.

ಮೀರಾ ರೋಡ್: ಸರ್ ಎ6400ಗೆ 18-135 ಹೇಗಿದೆ?

ರಿಪೇರಿ ಅಣ್ಣ: ಈಗಷ್ಟೇ ಮುಲುಂಡ್‌ನವರಿಗೆ ಬರೆದಿದ್ದೇನೆ, ನೋಡಿ.

ಘಾಟ್ಕೋಪರ್: ಅಣ್ಣ, ನಿಕಾನ್ ಝಡ್ 50 ಇದೆ. ನಮ್ಮ ಅತ್ತಿಗೆಯ ಅಣ್ಣ 24-120 ಎಫ್ 4 ಕೊಡುತ್ತೇನೆ ಅಂತಿದ್ದಾರೆ. ಬಹಳ ಹೆಸರು ಮಾಡಿದ ಲೆನ್ಸ್ ಅಂತೆ. ತಗೊಳ್ಳಲಾ?

ರಿಪೇರಿ ಅಣ್ಣ: ಲೆನ್ಸ್ ಚೆನ್ನಾಗಿದೆ, ನಿಮ್ಮ ಬಾಡಿಗಲ್ಲ. ಝಡ್ 50ರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಚಿಕ್ಕದು. 24 ಅಂದದ್ದು ಅದರಲ್ಲಿ 36ರಷ್ಟು ಇಕ್ಕಟ್ಟಾಗಿ ಕಾಣುತ್ತದೆ. ಒಂದು ಕೋಣೆಯಲ್ಲಿ ಆರು ಜನ ನಿಂತರೆ ನೀವು ಬಾಗಿಲಾಚೆ ಹೋಗಬೇಕು. ಮೇಲಾಗಿ ಆ ಲೆನ್ಸಿನಲ್ಲೂ ಸ್ಟೆಬಿಲೈಸೇಶನ್ ಇಲ್ಲ, ಝಡ್ 50 ಬಾಡಿಯಲ್ಲೂ ಇಲ್ಲ. ಆ ಬಾಡಿಗೆ ಅಂತಲೇ ಮಾಡಿದ 18-140 ವಿಆರ್ (ಸ್ಟೆಬಿಲೈಸೇಶನ್‌ಗೆ ನಿಕಾನ್ ಇಟ್ಟ ಹೆಸರು) ಇದೆ, 315 ಗ್ರಾಂ. ಅದನ್ನು ನೋಡಿ.

ವಾಶಿ: ಐರೋಲಿಯಲ್ಲಿ ದೋಣಿ ಹತ್ತಿ ಫ್ಲೆಮಿಂಗೊ ತೆಗೆಯಬೇಕು ಅಂತ ಆಸೆ. ಈ ಲೆನ್ಸ್‌ಗಳಲ್ಲಿ ಯಾವುದಾದರೂ ಸಾಕಾಗುತ್ತದಾ?

ಚೆಂಬೂರು: ಮುಲುಂಡ್‌ನವರೇ, 3.5-5.6 ಲೆನ್ಸ್‌ಗೆಲ್ಲ ದುಡ್ಡು ಹಾಕಬೇಡಿ. ಬಾಡಿ ಬದಲಿಸಿ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ತಗೊಳ್ಳಿ. 24-70 ಎಫ್ 2.8 ಒಂದೇ ಎಲ್ಲದಕ್ಕೂ ಆಗುವ ಲೆನ್ಸ್. ಮದುವೆ ಮಾಡುವವರೆಲ್ಲ ಅದನ್ನೇ ಹಿಡಿಯುತ್ತಾರೆ.

ಕಲ್ಯಾಣ್: ಮದುವೆ ಮಾಡುವವರು ಕಾರಿನಲ್ಲಿ ಹೋಗುತ್ತಾರೆ ಸರ್. ನಾವು ಲೋಕಲ್‌ನಲ್ಲಿ ಬ್ಯಾಗ್ ಎದೆಗೆ ಹಾಕಿಕೊಂಡು ನಿಲ್ಲುವವರು. ಅಷ್ಟು ಭಾರದ ಲೆನ್ಸ್ ನಮಗೇಕೆ? ಅದಕ್ಕಿಂತ 24-105 ಎಫ್ 4 ಸಾಕಲ್ವಾ?

ಚೆಂಬೂರು: ಸೋನಿಯ 24-105 ಎಫ್ 4 ತೂಕ 663 ಗ್ರಾಂ. ಸೋನಿಯದೇ 24-70 ಎಫ್ 2.8ರ ಎರಡನೇ ಆವೃತ್ತಿ (ಜಿಎಂ) 695 ಗ್ರಾಂ. 32 ಗ್ರಾಂ ವ್ಯತ್ಯಾಸ. ಸುಮ್ನೆ ತೂಕದ ನೆಪ ಹೇಳಬೇಡಿ.

ಕಲ್ಯಾಣ್: ಹಾಗಾದರೆ ಬೆಲೆಯ ವ್ಯತ್ಯಾಸವನ್ನೂ ಹೇಳಿ. ಅದನ್ನು ಯಾಕೆ ಬಿಟ್ಟಿರಿ?

ರಿಪೇರಿ ಅಣ್ಣ: ಅವರು ಕೇಳಿದ್ದು ಎ6400ಗೆ. ಫುಲ್ ಫ್ರೇಮ್ ಮಾತು ಆಮೇಲೆ.

ಡೊಂಬಿವಲಿ: ಅಣ್ಣ, ನನ್ನದು ಸ್ವಲ್ಪ ಉದ್ದ ಇದೆ, ಬೇಸರ ಮಾಡಬೇಡಿ. ಸೋನಿ ಎ7 ಥ್ರೀ ಬಾಡಿ. ಹೋದ ವರ್ಷ ಸೆಕೆಂಡ್ ಹ್ಯಾಂಡ್ 24-105 ಎಫ್ 4 ತಗೊಂಡೆ. ಈ ಮಳೆಗಾಲದಲ್ಲಿ ಒಳಗೆ ಬಿಳಿ ಎಳೆ ಎಳೆಯಾಗಿ ಏನೋ ಕಾಣಿಸಿತು. ನಮ್ಮ ಭಾವ ಒಂದು ಫಾರ್ವರ್ಡ್ ತೋರಿಸಿದರು. ಬಿಸಿಲಿಗಿಟ್ಟರೆ ಫಂಗಸ್ (ಬೂಷ್ಟು) ಸಾಯುತ್ತದೆ ಅಂತ ಅದರಲ್ಲಿತ್ತು. ಮಳೆ ಬಿಟ್ಟಾಗ ಎರಡು ಮಧ್ಯಾಹ್ನ ಗ್ಯಾಲರಿಯಲ್ಲಿ ಇಟ್ಟಿದ್ದರು. ಈಗ ಎಲ್ಲಾ ಫೋಟೊದಲ್ಲೂ ಬಲಗಡೆ ಮೇಲೆ ನೇರಳೆ ಬಣ್ಣದ ಎರಡು ಸಣ್ಣ ಗೆರೆ ಬರುತ್ತಿವೆ. ಲೆನ್ಸ್ ಮಾರಿ ಟ್ಯಾಮ್ರಾನ್ 28-200 ತಗೊಳ್ಳಲಾ, ಇಲ್ಲಾ ಸೋನಿ 20-70 ಒಳ್ಳೆಯದಾ?

ರಿಪೇರಿ ಅಣ್ಣ: ಅಕ್ಕ, ಹೊಸ ಲೆನ್ಸಿನ ಮಾತು ಸದ್ಯಕ್ಕೆ ಬಿಡಿ. ಬಿಸಿಲಿಗೆ ಇಟ್ಟಾಗ ಲೆನ್ಸ್ ಬಾಡಿಗೆ ಹಾಕಿಯೇ ಇತ್ತಾ? ಮುಂದಿನ ಕ್ಯಾಪ್ ತೆಗೆದಿದ್ದರಾ?

ಡೊಂಬಿವಲಿ: ಹೌದು, ಹಾಕಿಯೇ ಇತ್ತು. ಬಿಸಿಲು ಒಳಗೆ ಹೋಗಬೇಕು ಅಂತ ಕ್ಯಾಪ್ ತೆಗೆದು ಮೇಲ್ಮುಖವಾಗಿ ಇಟ್ಟಿದ್ದರು. ಕ್ಯಾಮೆರಾ ಆಫ್ ಇತ್ತು.

ರಿಪೇರಿ ಅಣ್ಣ: ಇದನ್ನು ಎಲ್ಲರೂ ಓದಿ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ ಕನ್ನಡಿ ಇತ್ತು, ಅದರ ಹಿಂದೆ ಮುಚ್ಚಿದ ಶಟರ್ ಪರದೆ. ಮಿರರ್‌ಲೆಸ್‌ನಲ್ಲಿ ಕನ್ನಡಿ ಇಲ್ಲ. ಎ7 ಥ್ರೀ ಆಫ್ ಮಾಡಿದರೂ ಸೆನ್ಸರ್ ತೆರೆದೇ ಇರುತ್ತದೆ. ಭೂತಗನ್ನಡಿಯಲ್ಲಿ ಕಾಗದ ಸುಡುವುದನ್ನು ಎಲ್ಲರೂ ನೋಡಿದ್ದೀರಿ. ಇಲ್ಲಿ ಕಾಗದದ ಜಾಗದಲ್ಲಿ ಸೆನ್ಸರ್ ಇರುತ್ತದೆ, ಅಷ್ಟೇ. ಸೂರ್ಯ ಆಕಾಶದಲ್ಲಿ ಸರಿದ ಹಾಗೆ ಆ ಬೆಳಕಿನ ಚುಕ್ಕೆಯೂ ಸೆನ್ಸರ್ ಮೇಲೆ ಸರಿಯುತ್ತದೆ. ಅದಕ್ಕೇ ಚುಕ್ಕೆ ಆಗಿಲ್ಲ, ಗೆರೆ ಆಗಿದೆ. ಎರಡು ಮಧ್ಯಾಹ್ನ, ಎರಡು ಗೆರೆ. ನನಗೆ ಭಯ ಇರುವುದು ಅಲ್ಲೇ. ಕೆಲವು ಹೊಸ ಬಾಡಿಗಳಲ್ಲಿ ಆಫ್ ಮಾಡಿದಾಗ ಶಟರ್ ಮುಚ್ಚುವ ಆಯ್ಕೆ ಇದೆ. ಅದನ್ನು ನಂಬಿಯೂ ಬಿಸಿಲಿಗಿಡಬೇಡಿ. ಆ ಪರದೆ ತೆಳು, ಅದೇ ಸುಡುತ್ತದೆ.

ಈಗ ಹೀಗೆ ಮಾಡಿ. ಬಿಳಿ ಗೋಡೆಯ ಫೋಟೊ ತೆಗೆಯಿರಿ. ಫೋಕಸ್ ತಪ್ಪಿಸಿ, ಒಂದು ಎಫ್ 16ರಲ್ಲಿ, ಒಂದು ಎಫ್ 4ರಲ್ಲಿ. ಆಮೇಲೆ ಬೇರೆ ಲೆನ್ಸ್ ಹಾಕಿ ಇದನ್ನೇ ಮಾಡಿ. ಧೂಳಾದರೆ ಎಫ್ 16ರಲ್ಲಿ ಕಪ್ಪಾಗಿ ಕಂಡು ಎಫ್ 4ಕ್ಕೆ ಬಂದಾಗ ಮಸುಕಾಗುತ್ತದೆ, ಗಾಳಿ ಊದುವ ಕೈ ಬ್ಲೋವರ್ ಹೊಡೆದರೆ ಸರಿಯುತ್ತದೆ. ಸುಟ್ಟ ಗುರುತಾದರೆ ಎರಡರಲ್ಲೂ ಒಂದೇ ಥರ, ಅದೇ ಜಾಗದಲ್ಲಿ, ಬಣ್ಣದ ಜೊತೆ ಕಾಣುತ್ತದೆ. ಲೆನ್ಸ್ ಬದಲಿಸಿದರೂ ಹೋಗುವುದಿಲ್ಲ. ಸೆನ್ಸರನ್ನು ಬಟ್ಟೆಯಲ್ಲಿ ಒರೆಸಬೇಡಿ. ಬಾಯಿಂದ ಊದಬೇಡಿ.

ಇನ್ನು ಆ ಬಿಳಿ ಎಳೆಗಳು. ಲೆನ್ಸ್ ಬಿಚ್ಚಿ, ಮೊಬೈಲ್ ಟಾರ್ಚನ್ನು ಒಂದು ಕಡೆಯಿಂದ ಓರೆಯಾಗಿ ಹಿಡಿದು ಇನ್ನೊಂದು ಕಡೆಯಿಂದ ನೋಡಿ. ಬಿಡಿ ಬಿಡಿ ಚುಕ್ಕೆ ಧೂಳು, ಅದಕ್ಕೆ ಚಿಂತೆ ಬೇಡ. ಕವಲೊಡೆದ ಎಳೆ ಫಂಗಸ್. ಇಡೀ ಗಾಜು ಹಾಲಿನಂತೆ ಮಸುಕಾಗಿದ್ದರೆ ಅದು ಹೇಝ್, ಬೇರೆ ಕಥೆ. ಫಂಗಸ್ ಹೊಸದಾದರೆ ಲೆನ್ಸ್ ಬಿಚ್ಚಿ ಒರೆಸಿದರೆ ಹೋಗುತ್ತದೆ. ಬಹಳ ದಿನ ಬಿಟ್ಟರೆ ಅದು ಬಿಡುವ ಆಮ್ಲ ಗಾಜಿನ ಮೇಲಿನ ಕೋಟಿಂಗನ್ನೇ ತಿನ್ನುತ್ತದೆ. ಆಮೇಲೆ ಒರೆಸಿದರೂ ಕಲೆ ಉಳಿಯುತ್ತದೆ. ಬಿಸಿಲಿನಿಂದ ಆ ಎಳೆ ಮಾಯವಾಗುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣವನ್ನು ಗಾಜು, ಕೋಟಿಂಗ್ ಬಹುಪಾಲು ತಡೆಯುತ್ತವೆ. ಒಳಗೆ ಹೋಗುವುದು ಬಿಸಿ ಮಾತ್ರ. ಗ್ರೀಸ್ ನೀರಾಗಿ, ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಬ್ಲೇಡಿಗೆ ಇಳಿಯುತ್ತದೆ.

24-105 ಒಳ್ಳೆಯ ದಿನಬಳಕೆಯ ಲೆನ್ಸ್, ಮಾರಬೇಡಿ. ಟ್ಯಾಮ್ರಾನ್ 28ರಿಂದ ಶುರು, ಮನೆಯೊಳಗೆ ನಿಮಗೆ 24 ಬೇಕಾಗುತ್ತದೆ. 20-70 ಹಗುರ, 488 ಗ್ರಾಂ, ಆದರೆ 70ಕ್ಕೇ ಮುಗಿಯುತ್ತದೆ. ಗೋಡೆ ಫೋಟೊ ನೋಡಿದ ಮೇಲೆ ಮಾತಾಡೋಣ.

ಅಂಧೇರಿ: ಫಂಗಸ್‌ಗೆ ಬಿಸಿಲಿಗಿಂತ ಒಳ್ಳೆಯ ಉಪಾಯ ಇದೆ. ಫಾರ್ವರ್ಡ್ ಬಂದದ್ದು: ಅಕ್ಕಿ ಡಬ್ಬಿಯಲ್ಲಿ ಮೂರು ದಿನ ಹೂತಿಡಿ, ಗಾಜಿನ ಗೀರಿಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಮೆಲ್ಲಗೆ ಉಜ್ಜಿ.

ರಿಪೇರಿ ಅಣ್ಣ: ಬೇಡ, ಎರಡೂ ಬೇಡ. ಅಕ್ಕಿಯ ಪುಡಿ ಝೂಮ್ ಸಂದಿಗೆ ಹೋಗುತ್ತದೆ, ಫಂಗಸ್‌ಗೆ ಅದೇ ಊಟ. ಟೂತ್‌ಪೇಸ್ಟ್‌ನಲ್ಲಿ ಉಜ್ಜುವ ಪುಡಿ ಇರುತ್ತದೆ, ಕೋಟಿಂಗ್ ಕಿತ್ತು ಬರುತ್ತದೆ. ದಯವಿಟ್ಟು ಆ ಮೆಸೇಜ್ ಅಳಿಸಿ.

ಅಂಧೇರಿ: ನಮ್ಮ ಪರಿಚಯದವರು ಮಾಡಿ ನೋಡಿದ್ದಾರೆ, ಏನೂ ಆಗಿಲ್ಲ.

ಥಾಣೆ: ನಮಸ್ತೆ. ಕ್ಯಾನನ್ ಆರ್50ಗೆ 18-150 ಸಾಕಾ? ಮಳೆಗಾಲದಲ್ಲಿ ಲೆನ್ಸ್ ಇಡುವುದು ಹೇಗೆ ಅಂತಲೂ ಹೇಳಿ.

ರಿಪೇರಿ ಅಣ್ಣ: 18-150 ಸಾಕು. ಬಾಡಿಯಲ್ಲಿ ಸ್ಟೆಬಿಲೈಸೇಶನ್ ಇಲ್ಲ, ಲೆನ್ಸಿನಲ್ಲಿ ಇದೆ. 310 ಗ್ರಾಂ. ರಾತ್ರಿ ಒಳಾಂಗಣಕ್ಕೆ ಮಾತ್ರ ಕಷ್ಟ.

ಇಡುವುದಕ್ಕೆ ಡ್ರೈ ಕ್ಯಾಬಿನೆಟ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ರಬ್ಬರ್ ಅಂಚಿನ, ಗಾಳಿಯಾಡದ ಅಡುಗೆಮನೆ ಡಬ್ಬಿ ತಗೊಳ್ಳಿ. ಅದರೊಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ಮೀಟರ್ ಶೇಕಡಾ 40ರಿಂದ 50 ತೋರಿಸುತ್ತಿರಲಿ. 60 ದಾಟಿದರೆ ಜೆಲ್ ಬದಲಿಸಿ. ಕಿತ್ತಳೆ ಜೆಲ್ ಹಸಿರಾದರೆ ತೇವ ಹೀರಿದೆ ಅಂತ ಅರ್ಥ, ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಬ್ಯಾಗಿನಲ್ಲೇ ಮುಚ್ಚಿ ಕಪಾಟಿನಲ್ಲಿ ಇಡಬೇಡಿ. ಬ್ಯಾಗಿನ ಫೋಮ್ ತೇವ ಹಿಡಿದಿಟ್ಟುಕೊಳ್ಳುತ್ತದೆ. ಇಂಥ ಝೂಮ್‌ಗಳು ಉದ್ದವಾಗುವಾಗ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತವೆ. ಜುಲೈನಲ್ಲಿ ಆ ಗಾಳಿ ಎಂಥದ್ದು ಅಂತ ನಿಮಗೇ ಗೊತ್ತು. ಎಸಿ ಕೋಣೆಯಿಂದ ಹೊರಗೆ ಬರುವಾಗ ಕ್ಯಾಮೆರಾ ಝಿಪ್ ಕವರ್‌ನಲ್ಲಿ ಇರಲಿ. ಅದರ ಚಳಿ ಬಿಟ್ಟ ಮೇಲೆ ತೆಗೆಯಿರಿ.

ವಾಶಿ: ಫ್ಲೆಮಿಂಗೊ ಬಗ್ಗೆ ಕೇಳಿದ್ದೆ.

ಕಲ್ಯಾಣ್: 135, 150 ಸಾಲುವುದಿಲ್ಲ ಅನಿಸುತ್ತದೆ. ಹಿಂಡು ಬರುತ್ತದೆ, ಒಂದೊಂದೇ ಹಕ್ಕಿ ಬರುವುದಿಲ್ಲ.

ಚೆಂಬೂರು: ಅನಿಸುತ್ತದೆ ಅಂತ ಉತ್ತರ ಕೊಡುವುದಕ್ಕೆ ಇಲ್ಲಿ ಒಬ್ಬರನ್ನು ಕರೆದಿದ್ದಾರೆ ಅಲ್ವಾ? ನೀವು ಫುಲ್ ಫ್ರೇಮ್ ಬಳಸಿಯೇ ಇಲ್ಲ, ಮೇಲೂ ಹೀಗೇ ಮಾಡಿದಿರಿ.

ಕಲ್ಯಾಣ್: ನಿಮ್ಮ ಹತ್ತಿರ ದುಬಾರಿ ಲೆನ್ಸ್ ಇದೆ ಅಂತ ಗ್ರೂಪ್ ನಿಮ್ಮದಾಗುವುದಿಲ್ಲ. ನಿಮ್ಮ ಒಂದು ಫೋಟೊವನ್ನೂ ನಾವ್ಯಾರೂ ಇಲ್ಲಿ ನೋಡಿಲ್ಲ.

ಚೆಂಬೂರು: ಮಾತು ನೋಡಿ ಆಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತು ಬಂದರೆ ಮ್ಯೂಟ್.

ಮೀರಾ ರೋಡ್: ಸರ್, ಬೋರಾ ಬಜಾರ್‌ನಲ್ಲಿ ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತಾರಂತೆ. 18-135 ಅಲ್ಲಿ ತಗೊಳ್ಳಬಹುದಾ?

ರಿಪೇರಿ ಅಣ್ಣ: ಬಿಲ್ ಇಲ್ಲದೆ ತಗೊಳ್ಳಬೇಡಿ. ವಾರಂಟಿಗೆ ಹೋದಾಗ ಬರಿಗೈಯಲ್ಲಿ ವಾಪಸ್ ಬರುತ್ತೀರಿ. ಸೆಕೆಂಡ್ ಹ್ಯಾಂಡ್ ಆದರೆ ನಿಮ್ಮ ಬಾಡಿ, ಟಾರ್ಚ್ ತೆಗೆದುಕೊಂಡು ಹೋಗಿ. ಝೂಮ್ ಮೆಲ್ಲಗೆ ತಿರುಗಿಸಿ, ಎಲ್ಲೂ ಹಿಡಿಯಬಾರದು. ಇಟ್ಟಿಗೆ ಗೋಡೆಗೆ ನೇರ ನಿಂತು ಮೂರು ನಾಲ್ಕು ಫೋಕಲ್ ಲೆಂತ್‌ನಲ್ಲಿ ತೆಗೆದು ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡಿ. ಒಂದು ಮೂಲೆ ಮಾತ್ರ ಮಸುಕಾದರೆ ಒಳಗೆ ಗಾಜು ಸರಿದಿದೆ. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಅಂಧೇರಿ: ಟೂತ್‌ಪೇಸ್ಟ್ ಬೇಡ ಅಂದಿರಿ. ಡಾಂಬರು ಗುಳಿಗೆ ಹಾಕಿಡಬಹುದಾ? ಅದೂ ಒಂದು ಮೆಸೇಜ್‌ನಲ್ಲಿತ್ತು.

ರಿಪೇರಿ ಅಣ್ಣ: ಮೆಸೇಜ್‌ನಲ್ಲಿ ಬಂದದ್ದನ್ನೆಲ್ಲ ಮಾರಾಯ್ರೆ ಲೆನ್ಸ್ ಮೇಲೆ ಮಾಡಿ ನೋಡಬೇಡಿ. ಅದು ತೇವ ಹೀರುವುದಿಲ್ಲ. ಒಬ್ಬರ ಕ್ಯಾಮೆರಾ ಸುಟ್ಟದ್ದನ್ನು ಮೇಲೆ ಓದಿದ ಮೇಲೂ ಇದೇ ಕೇಳುತ್ತಿದ್ದೀರಿ. ಇದಕ್ಕೆ ಇನ್ನು ಉತ್ತರಿಸುವುದಿಲ್ಲ.

ಡೊಂಬಿವಲಿ: ಅಣ್ಣ, ಗೋಡೆ ಫೋಟೊ ತೆಗೆದೆ. ಎಫ್ 16, ಎಫ್ 4 ಎರಡರಲ್ಲೂ ಗೆರೆ ಒಂದೇ ಥರ. ತಂಗಿಯ 50 ಎಂಎಂ ಹಾಕಿದರೂ ಅದೇ ಜಾಗ. ಬ್ಲೋವರ್‌ಗೂ ಸರಿದಿಲ್ಲ. ಭಾವ ಬಹಳ ನೊಂದುಕೊಂಡಿದ್ದಾರೆ.

ರಿಪೇರಿ ಅಣ್ಣ: ಸೆನ್ಸರ್ ಸುಟ್ಟಿದೆ ಅಕ್ಕ. ಒರೆಸಿ ಸರಿಮಾಡುವಂಥದ್ದಲ್ಲ. ಭಾವನಿಗೆ ಬೈಯಬೇಡಿ, ಆ ಫಾರ್ವರ್ಡ್ ಎಲ್ಲಿಂದ ಬಂತೋ ಅಲ್ಲಿಗೆ ಇದನ್ನು ಬರೆದು ಕಳಿಸಲಿ. ಸೆನ್ಸರ್ ಬದಲಿಸುವುದು ದುಬಾರಿ. ಸರ್ವಿಸ್ ಸೆಂಟರ್‌ನಲ್ಲಿ ಖರ್ಚು ಬರೆಸಿಕೊಂಡು, ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಬಾಡಿ ಸಿಗುತ್ತದಾ ಅಂತ ಹೋಲಿಸಿ ನೋಡಿ. ಅಲ್ಲಿಯವರೆಗೆ ಕ್ಯಾಮೆರಾ ಬಳಸಬಹುದು, ಗೆರೆ ಹೆಚ್ಚಾಗುವುದಿಲ್ಲ. ಒಂದೊಂದು ಫೋಟೊದಲ್ಲಿ ಅಳಿಸಿಕೊಳ್ಳಬಹುದು. ವಿಡಿಯೊದಲ್ಲಿ ಕಷ್ಟ.

ಆ 24-105 ಲೆನ್ಸ್ ಮಾತ್ರ ತನ್ನಿ, ಬಿಚ್ಚಿ ನೋಡುತ್ತೇನೆ. ಬರುವಾಗ ಎರಡೂ ಕಡೆ ಕ್ಯಾಪ್ ಹಾಕಿ ಝಿಪ್ ಕವರ್‌ನಲ್ಲಿ ಇಟ್ಟುಕೊಂಡು ಬನ್ನಿ, ಒಂದು ಪುಡಿಕೆ ಜೆಲ್ ಜೊತೆಗಿರಲಿ. ಬಾಡಿಗೆ ಬಾಡಿ ಕ್ಯಾಪ್ ಹಾಕಿ ಮನೆಯಲ್ಲೇ ಬಿಡಿ.